ಮಣ್ಣಿನ ಗೆರೆ

ಪ್ರಭಾವತಿ ಹತ್ತೊಂಬತ್ತು ವರ್ಷದಿಂದ ಆ ಮನೆಯಲ್ಲಿ ಬಾಡಿಗೆಗಿದ್ದು, ಬಟ್ಟೆ ಹೊಲಿದು ಬದುಕುತ್ತಿದ್ದಳು. ಮನೆ ಮಾರಾಟವಾದರೆ ಖಾಲಿ ಮಾಡಬೇಕೆಂದು ಮಾಲೀಕರು ಹೇಳಿಬಿಟ್ಟಿದ್ದರು. ನೋಡಲು ಬಂದ ಇಬ್ಬರು, ಬಾಗಿಲ ಚೌಕಟ್ಟಿನ ಉದ್ದಕ್ಕೂ ಹತ್ತಿದ್ದ ಗೆದ್ದಲಿನ ಮಣ್ಣಿನ ಗೆರೆ ಕಂಡು, ಕೊಟ್ಟ ಕಾಫಿಯನ್ನೂ ಪೂರ್ತಿ ಕುಡಿಯದೆ ಹೊರಟುಹೋಗಿದ್ದರು. ಮೂರನೆಯವರು ಹುಷಾರು ಮನುಷ್ಯ. ಗೆದ್ದಲಿಗೆ ಔಷಧಿ ಹೊಡೆಯುವವನನ್ನು ಜೊತೆಗೇ ಕರೆತಂದರು.

ಅವನು ಸ್ಕ್ರೂಡ್ರೈವರಿನಿಂದ ಗೆರೆಯನ್ನು ಒಂದು ಕಡೆ ಒಡೆದು, ಟಾರ್ಚ್ ಬಿಟ್ಟು ನೋಡಿದ. ಮರವನ್ನು ಮೇಲಿಂದ ಕೆಳಗಿನವರೆಗೆ ತಟ್ಟಿದ. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಪ್ರಭಾವತಿ ಮೂರು ಸಲ ಪ್ರಯತ್ನಿಸಿದರೂ ಸೂಜಿಗೆ ದಾರ ಹೋಗಲಿಲ್ಲ.

"ಎಷ್ಟು ವರ್ಷದಿಂದ ಇದೀರಮ್ಮ?" ಎಂದು ಅವನು ಕೇಳಿದ.

"ಹತ್ತೊಂಬತ್ತು."

"ಬೇರೆ ಮನೆ ನೋಡಿದೀರಾ?"

"ಈ ಬಾಡಿಗೆಗೆ ಎಲ್ಲಿ ಸಿಗುತ್ತಪ್ಪ?"

ಅವನು ಮತ್ತೊಮ್ಮೆ ಚೌಕಟ್ಟು ತಟ್ಟಿದ.

"ಏನಯ್ಯಾ, ಔಷಧಿ ಹೊಡೆದ್ರೆ ಹೋಗುತ್ತಾ?" ಎಂದರು ಕೊಳ್ಳಲು ಬಂದವರು.

"ಬೇಡ ಸಾರ್. ಬುಡದಿಂದ್ಲೇ ತಿಂದುಬಿಟ್ಟಿದೆ. ತೊಲೆಗೂ ಹತ್ತಿರುತ್ತೆ. ಸುಮ್ನೆ ಯಾಕೆ ತಲೆನೋವು?"

ಅವರು ಅಲ್ಲಿಂದಲೇ ಮಾಲೀಕರಿಗೆ ಫೋನ್ ಮಾಡಿ, ಮನೆ ಬೇಡವೆಂದು ಹೇಳಿ, ಹೋಗಿ ಕಾರಿನಲ್ಲಿ ಕೂತರು. ಅವನು ಸಾಮಾನನ್ನೆಲ್ಲ ಚೀಲಕ್ಕೆ ತುಂಬಿಕೊಂಡು, ಹೊಸ್ತಿಲ ಬಳಿ ನಿಂತು ದನಿ ತಗ್ಗಿಸಿದ.

"ಮುಂದಿನ ಸಲ ಮಣ್ಣನ್ನ ಕಡ್ಡೀಲಿ ಮೆತ್ತಿ ಅಮ್ಮ. ಗೆರೆ ತುಂಬ ನಿಮ್ಮ ಬೆರಳಚ್ಚಿದೆ."