ಹನ್ನೆರಡನೆಯ ಚೀಟಿ

೨೦೧೮ರ ಜೂನ್ ೧, ಬೆಳಿಗ್ಗೆ ೧೦ ಗಂಟೆ ೨೦ ನಿಮಿಷ. ವಸ್ತುಸಂಗ್ರಹಾಲಯದ ಹೊಸ ಕೋಣೆಯ ಉದ್ಘಾಟನೆಗೆ ನಲವತ್ತೇ ನಿಮಿಷ ಉಳಿದಿತ್ತು. 'ಬೆಳಗುವ ಕಡಲಜೀವಿಗಳು: ಹೆಸರು ಬಂದ ದಾರಿ' ಎಂಬ ಫಲಕದ ಕೆಳಗೆ ಹನ್ನೆರಡು ಗಾಜಿನ ಪೆಟ್ಟಿಗೆಗಳು. ಹನ್ನೊಂದಕ್ಕೆ ಚೀಟಿ ಅಂಟಿಸಿಯಾಗಿತ್ತು. ಹನ್ನೆರಡನೆಯ ಚೀಟಿ ಸಹಾಯಕಿಯ ಕೈಯಲ್ಲೇ ಇತ್ತು.

"ಪ್ರಶ್ನಾರ್ಥಕ ಚಿಹ್ನೆ ಯಾರು ತೆಗೆದಿದ್ದು ಸರ್?"

"ನಾನೇ," ಎಂದರು ಮೇಲ್ವಿಚಾರಕರು.

ಚೀಟಿ ಪಿಡಕ್‌ನದು. ಬಂಡೆ ಕೊರೆದು ಅದರೊಳಗೇ ಬಾಳುವ, ಕತ್ತಲಲ್ಲಿ ನೀಲಿಯಾಗಿ ಬೆಳಗುವ ಚಿಪ್ಪುಜೀವಿ. ಈ ಇಂಗ್ಲಿಷ್ ಹೆಸರು ಎಲ್ಲಿಂದ ಬಂತೆಂದು ಕೇಳಿದರೆ ನಿಘಂಟುಗಳು ಕೈಚೆಲ್ಲುತ್ತವೆ. ಒಂದು ನಿಘಂಟು ಮಾತ್ರ, ನರಹುಲಿ ಎಂಬರ್ಥದ ಹಳೆಯ ಪದದಿಂದ ಬಂದಿರಬಹುದೇ ಎಂದು ಅನುಮಾನಿಸಿತ್ತು. ಸಹಾಯಕಿ 'ನರಹುಲಿಯಿಂದ?' ಎಂದು ಬರೆದುಕೊಟ್ಟಿದ್ದಳು. ಅಚ್ಚಾಗಿ ಬಂದದ್ದು 'ನರಹುಲಿಯಿಂದ'.

"ಒಂದು ಚಿಹ್ನೆಗೆ ಇಷ್ಟು ರಾದ್ಧಾಂತ ಯಾಕಮ್ಮ? ಎಲ್ಲದಕ್ಕೂ ಭೂತಗನ್ನಡಿ ಹಿಡೀತೀರಿ. ಜನ ಉತ್ತರ ಓದೋಕೆ ಬರ್ತಾರೆ, ಪ್ರಶ್ನೆ ಹೊತ್ಕೊಂಡು ಹೋಗೋಕಲ್ಲ. ಒಪ್ಪಿಗೆ ಇಲ್ಲಾಂದ್ರೆ ಚಿಪ್ಪನ್ನೇ ಎತ್ತಿಡಿ, ಹನ್ನೊಂದು ಸಾಕು." ಬಳಿಕ ದನಿ ತಗ್ಗಿಸಿ, ಬೆನ್ನ ಹಿಂದಿದ್ದ ಹೂಗೊಂಚಲನ್ನು ಮುಂದೆ ಚಾಚಿದರು. "ಅಂದ ಹಾಗೆ, ಹುಟ್ಟುಹಬ್ಬದ ಶುಭಾಶಯ. ಫೈಲಲ್ಲಿ ನೋಡ್ದೆ. ಇವತ್ತಿಗೆ ನಲವತ್ತು."

ಅವಳು ಕೈ ಚಾಚಲಿಲ್ಲ. "ನಮ್ಮ ಅನಾಥಾಲಯದಲ್ಲಿ ಮೂವತ್ತೆರಡು ಮಕ್ಕಳು ಸರ್. ಅಷ್ಟೂ ಜನ ಹುಟ್ಟಿದ್ದು ಜೂನ್ ಒಂದಕ್ಕೇ."

ಅವರು ನಕ್ಕರು. "ಸ್ಕೂಲಿಗೆ ಸೇರಿಸೋಕೆ ಅನುಕೂಲ ಅಂತ. ನಮ್ಮಣ್ಣಂದೂ ಹಾಗೇ."

"ನಿಮ್ಮಣ್ಣಂಗೆ ನಿಜವಾದ ದಿನ ಹೇಳೋಕೆ ಅಮ್ಮ ಇದ್ರು. ನನ್ನನ್ನ ಸೇರಿಸ್ಕೊಂಡ ಗುಮಾಸ್ತರು ತಾರೀಕಿನ ಪಕ್ಕ 'ಅಂದಾಜು' ಅಂತ ಬರೆದಿದ್ರು. ಹೊಸ ದಾಖಲೆ ಪುಸ್ತಕಕ್ಕೆ ನಕಲು ಮಾಡಿದೋರು ಆ ಒಂದು ಪದ ಬಿಟ್ಟುಬಿಟ್ರು. ಇಪ್ಪತ್ತು ವರ್ಷ ಈ ದಿನ ಹೊಸ ಬಟ್ಟೆ ಹಾಕ್ಕೊಂಡಿದ್ದೀನಿ ಸರ್. ಆಮೇಲೆ ಹಳೇ ಪುಸ್ತಕ ಕಣ್ಣಿಗೆ ಬಿತ್ತು."

ಮೇಲ್ವಿಚಾರಕರು ಹೂಗಳನ್ನು ಮೇಜಿನ ಮೇಲಿಟ್ಟರು. ಎಲ್ಲಿಡಬೇಕೆಂದು ತೋಚದವರಂತೆ ಮತ್ತೆ ಎತ್ತಿ, ಕುರ್ಚಿಯ ಮೇಲಿಟ್ಟರು. ಚೀಟಿ ಇಸಿದುಕೊಂಡು, 'ನರಹುಲಿಯಿಂದ' ಎಂಬುದರ ಮೇಲೆ ಗೆರೆ ಎಳೆದು, ತಮ್ಮದೇ ಅಕ್ಷರದಲ್ಲಿ 'ತಿಳಿಯದು' ಎಂದು ಬರೆದರು. ಪೆನ್ನು ಕೆಳಗಿನ ಸಾಲಿಗೆ ಬಂದು ನಿಂತಿತು.

"'ಉದ್ದ' ಅಂತ ಹಾಕಿ ಮುಂದೆ ಖಾಲಿ ಬಿಟ್ಟಿದ್ದೀರಲ್ಲ. ಇದೂ ತಿಳಿಯದೋ?"

"ಅದು ತಿಳಿಯುತ್ತೆ ಸರ್."

ಅವಳು ಗಾಜು ಸರಿಸಿ, ಚಿಪ್ಪನ್ನು ಅಂಗೈಗೆ ತೆಗೆದುಕೊಂಡು, ಅಳತೆಯ ಇಕ್ಕಳವನ್ನು ಅದರ ಎರಡು ತುದಿಗೆ ತಾಗಿಸಿದಳು. ಒಮ್ಮೆ ಓದಿದಳು. ತೆಗೆದು, ಇನ್ನೊಮ್ಮೆ ತಾಗಿಸಿ ಓದಿದಳು.

"ಅರವತ್ತೆರಡು ಮಿಲಿಮೀಟರ್."