ನೀಲವ್ವನ ಎಡಗೈ

ಸ್ಪೈನಾ ಬಿಫಿಡಾ ಎಂಬ ಬೆನ್ನುಹುರಿಯ ದೋಷವಿದ್ದ ನೀಲವ್ವನಿಗೆ ಹುಟ್ಟಿನಿಂದ ಸೊಂಟದ ಕೆಳಗೆ ಮುಟ್ಟಿದ್ದು ತಿಳಿಯುತ್ತಿರಲಿಲ್ಲ. ಅಂಥವರ ಹಾಸಿಗೆಯ ಸುಖವನ್ನು ಮೈಯಲ್ಲಿ ಅವರು ಕೇಳಿದ ಜಾಗಕ್ಕೆ ವರ್ಗ ಮಾಡಿಕೊಡುವುದು ಡಾಕ್ಟರಿಗೆ ಈಗ ಹಲ್ಲು ಕೀಳಿಸಿದಷ್ಟೇ ಸಲೀಸು. ನೀಲವ್ವ ಎಡ ಮಣಿಕಟ್ಟು ಕೇಳಿದಳು. ಗಂಡ ಫಕೀರಪ್ಪನಿಗೂ ಹಿಗ್ಗೋ ಹಿಗ್ಗು, ಬಳೆಗಾರ ಕಲ್ಲಪ್ಪ ಮನೆಗೆ ಬರುವವರೆಗೆ.

ಗಾಲಿಕುರ್ಚಿಯ ಪಕ್ಕ ಕೂತ ಕಲ್ಲಪ್ಪ ಅದೇ ಎಡಗೈ ಹಿಡಿದು ಮೆತ್ತಗೆ ಅಮುಕತೊಡಗಿದ. ಫಕೀರಪ್ಪ ದಡಕ್ಕನೆ ಎದ್ದು ಹತ್ತಿರ ಬಂದ.

“ಬಲಗೈಗಷ್ಟ ಇಡಸ್ರಿ, ಸಾಕು,” ಎಂದ.

“ಒಂದ ಕೈಗೆ ಬಳಿ ಇಡಸೂದು ಎಲ್ಲೀ ಪದ್ಧತಿರೀ?” ಎಂದ ಕಲ್ಲಪ್ಪ.

ನೀಲವ್ವ ಗಂಡನ ಮುಖ ನೋಡಿ ನಕ್ಕಳು. “ಕಾಕಾ ಮುಟ್ಟಿದ್ರ ಅದು ಬರೇ ಮಣಿಕಟ್ಟರೀ. ನನ್ನ ಮನಸ್ಸು ಒಪ್ಪದ ಏನೂ ಆಗೂದಿಲ್ಲ.”

“ನನಗ ನಂಬಿಕಿಲ್ಲ. ಸರೀರಿ ಅತ್ತಾಗ, ನಾನ ಇಡಸ್ತೀನಿ.”

ಫಕೀರಪ್ಪ ಜನ್ಮದಲ್ಲಿ ಯಾರಿಗೂ ಬಳೆ ತೊಡಿಸಿದವನಲ್ಲ. ಹೆಂಡತಿಯ ಬೆರಳು ಮಡಿಸಿ, ಅಂಗೈ ಒತ್ತಿ, ಮಣಿಕಟ್ಟು ಸವರಿ ಹೆಣಗಾಡಿದ. ಒಂದು ಬಳೆಯೂ ಏರಲಿಲ್ಲ. ನೀಲವ್ವನ ಕಣ್ಣು ತಾವಾಗಿ ಮುಚ್ಚಿದವು, ಕಿವಿ ಕೆಂಪೇರಿದವು.

“ಇಷ್ಟೊತ್ತಿಗೆ ನಾ ಇಡೀ ಓಣಿಗೆ ಬಳಿ ಇಡಸ್ತಿದ್ದೆ,” ಎಂದು ಕಲ್ಲಪ್ಪ ಗೊಣಗಿದ.

ನೀಲವ್ವ ಕಣ್ಣು ತೆರೆಯಲಿಲ್ಲ. “ಕಾಕಾ, ನೀವು ಹೋಗಿ ನಾಳೆ ಬರ್ರಿ. ಬಳಿ ಪೆಟ್ಟಿಗಿ ಇಲ್ಲೇ ಇರಲಿ. ಹೋಗೂಮುಂದ ಬಾಗಲಾ ಮುಚ್ಚರಿ.”