ಒಂದೇ ಗುರುತಿನ ಎರಡು ಡಬ್ಬ

ಕಂಪ್ಯೂಟರ್ ಕೋಣೆಯ ಕೌಂಟರಿನ ಮುಂದೆ ವಸಂತಿ ಡಬ್ಬದ ಮುಚ್ಚಳ ತೆರೆದಳು. ಇರಬೇಕಾಗಿದ್ದ, ಪ್ರೋಗ್ರಾಮಿನ ತೂತು ಕಾರ್ಡುಗಳ ಕಟ್ಟು ಒಳಗಿರಲಿಲ್ಲ. ಮೇಲಿನ ಬಟ್ಟಲಲ್ಲಿ ಕುಚ್ಚಲಕ್ಕಿ ಅನ್ನ, ಅದರ ಒತ್ತಿಗೆ ಮಾವಿನ ಉಪ್ಪಿನಕಾಯಿ. ಕಂಪ್ಯೂಟರ್ ನಡೆಸುವ ಪರಾಂಜಪೆ ಕೌಂಟರಿನ ಆಚೆಯಿಂದ ಕತ್ತು ಉದ್ದ ಮಾಡಿ ನೋಡಿದ.

"ಮ್ಯಾಡಮ್, ಹಮಾರಾ ಮಶೀನ್ ಖಾನಾ ನಹೀ ಖಾತಾ. ಸಿರ್ಫ್ ಕಾರ್ಡ್ ಖಾತಾ ಹೈ."

ಯಂತ್ರ ತಿನ್ನುವುದು ಊಟವನ್ನಲ್ಲ, ಕಾರ್ಡನ್ನು. ತಪ್ಪು ಅವಳದೇ. ಕಾರ್ಡು ಮಳೆಗೆ ನೆನೆಯಬಾರದು, ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಮಡಚಿಹೋಗಬಾರದು ಎಂದು ಮನೆಯ ಹಳೆಯ ಊಟದ ಡಬ್ಬದ ಬಟ್ಟಲುಗಳನ್ನು ತೆಗೆದು, ಕಟ್ಟನ್ನು ಅದರೊಳಗೆ ನಿಲ್ಲಿಸಿಟ್ಟಿದ್ದಳು. ಹೊಸ ಡಬ್ಬದಲ್ಲಿ ಗಂಡ ಸದಾನಂದನ ಊಟ. ಎರಡರ ಮುಚ್ಚಳದ ಮೇಲೂ ಮನೆಯೂಟ ಹೊತ್ತು ತಲುಪಿಸುವ ಡಬ್ಬಾವಾಲಾ ಬರೆದ ಕೆಂಪು ಗುರುತು ಒಂದೇ, ಚೆಂಬೂರಿನ ಕಾರ್ಖಾನೆಯದು. ಬೆಳಗಿನ ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಆಂಟಾಪ್ ಹಿಲ್‌ನಿಂದ ಓಡಿದ್ದಳು. ದಾರಿಯುದ್ದಕ್ಕೂ ಡಬ್ಬ ಎದೆಗೆ ಬೆಚ್ಚಗೆ ತಾಗುತ್ತಿತ್ತು. ತನ್ನ ಆತಂಕಕ್ಕೇ ಮೈ ಬಿಸಿಯಾಗಿದೆ ಅಂದುಕೊಂಡಿದ್ದಳಲ್ಲ, ಪೆದ್ದಿ! ಉಳಿದ ಡಬ್ಬವನ್ನು ಅತ್ತೆ ಎಂದಿನಂತೆ ಡಬ್ಬಾವಾಲಾನ ಕೈಗೆ ಕೊಟ್ಟಿರುತ್ತಾರೆ. ಅವನು ತಲುಪಿಸದೆ ಬಿಡುವವನಲ್ಲ.

ಎರಡು ಗಂಟೆಗೆ ಕೌಂಟರ್ ಮುಚ್ಚುತ್ತದೆ. ಅಷ್ಟರೊಳಗೆ ಅವಳ ಮೊದಲ ಪ್ರೋಗ್ರಾಮ್ ಯಂತ್ರದಲ್ಲಿ ಓಡಿದರೆ ಕಂಪನಿಯ ಹೊಸ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ. ಇಲ್ಲವಾದರೆ ನಾಳೆಯಿಂದ ಮತ್ತೆ ಅದೇ ಟೈಪ್‌ರೈಟರು, ಮುದುಕಿಯಾಗುವ ತನಕ.

ಕಾರ್ಡುಗಳು ಯಾರ ಕೈಗೆ ಬೀಳಬಾರದಿತ್ತೋ ಅವನ ಕೈಗೇ ಹೊರಟಿದ್ದವು. ಸದಾನಂದ ಕಾರ್ಖಾನೆಯಲ್ಲಿ ಸಂಬಳದ ಲೆಕ್ಕ ಬರೆಯುವ ಗುಮಾಸ್ತ. ವಸಂತಿಯ ಕಂಪನಿಯೋ, ಊರಿನ ಕಾರ್ಖಾನೆಗಳ ಸಂಬಳದ ಲೆಕ್ಕವನ್ನೆಲ್ಲ ಕಂಪ್ಯೂಟರಿನಲ್ಲಿ ಮಾಡಿಕೊಡುವ ಗುತ್ತಿಗೆ ಹಿಡಿಯಲು ಹೊರಟಿತ್ತು. ಗುಮಾಸ್ತರ ಅನ್ನ ತಿನ್ನುವ ಯಂತ್ರ ಬೇಡವೆಂದು ಅವನ ಯೂನಿಯನ್ನು ಮೋರ್ಚಾ ತೆಗೆದಿತ್ತು. ಅವಳ ಪ್ರೋಗ್ರಾಮ್ ಮಾಡುವುದೂ ಓವರ್‌ಟೈಮ್ ಲೆಕ್ಕವನ್ನೇ. ಅದರ ಒಳಸುಳಿಗಳನ್ನೆಲ್ಲ ಹೇಳಿಕೊಟ್ಟವನೂ ಅವನೇ! ಹೆಂಡತಿಗೆ ತನ್ನ ಕೆಲಸದಲ್ಲಿ ಆಸಕ್ತಿ ಬಂತೆಂದು ಹಿಗ್ಗಿ, ಅಡುಗೆಮನೆಯಲ್ಲಿ ಮಣೆ ಹಾಕಿ ಕುಳಿತು ಬಿಡಿಸಿ ಬಿಡಿಸಿ ಹೇಳಿದ್ದ. ಅದನ್ನವಳು ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದು, ಕಾರ್ಡುಗಳಲ್ಲಿ ತೂತು ಮಾಡಿಸಿದ್ದಾಳೆಂದು ತಿಳಿದ ದಿನದಿಂದ ಅವಳೊಡನೆ ಮಾತು ಬಿಟ್ಟಿದ್ದ.

ವಸಂತಿ ಕಾರ್ಖಾನೆಗೆ ಫೋನ್ ಮಾಡಿ ಗಂಡನನ್ನು ಕರೆಸಿದಳು.

"ನಿಮ್ಮ ಊಟ ನನ್ನ ಹತ್ರ ಬಂದುಬಿಟ್ಟಿದೆ. ನಿಮಗೆ ಬರುವ ಡಬ್ಬದಲ್ಲಿ ನನ್ನ ಕಾರ್ಡು ಉಂಟು. ಎರಡು ಗಂಟೆ ಒಳಗೆ ಇಲ್ಲಿಗೆ ತಂದುಕೊಡ್ತೀರಾ?"



"ನನ್ನ ಕುತ್ತಿಗೆಗೆ ಹಾಕುವ ಹಗ್ಗವನ್ನು ನಾನೇ ಹೊತ್ತು ತರ್ಬೇಕಾ ಮಾರಾಯ್ತಿ?" ಎಂದವನು ಫೋನ್ ಇಟ್ಟುಬಿಟ್ಟ.

ವಸಂತಿ ಕೂರಲಾರಳು, ನಿಲ್ಲಲಾರಳು. ಬೆಂಚಿನಿಂದ ಕಿಟಕಿಗೆ, ಕಿಟಕಿಯಿಂದ ಗಡಿಯಾರದ ಕೆಳಗೆ. ಹೊರಗೆ ಮಳೆ ಹುಯ್ಯುತ್ತಿತ್ತು. ಕುರ್ಲಾದಲ್ಲಿ ಹಳಿಯ ಮೇಲೆ ನೀರು ನಿಂತರೆ ಲೋಕಲ್ ಅಲ್ಲೇ ಕೂರುತ್ತದೆ. ಅವನು ಹೊರಟಿದ್ದರೆ ತಾನೇ ಆ ಚಿಂತೆ? ಯೂನಿಯನ್ನಿನವರ ನಡುವೆ ಡಬ್ಬ ತೆರೆದು, ನಗೆಪಾಟಲಾಗಿ, ಕಟ್ಟನ್ನು ಕ್ಯಾಂಟೀನಿನ ಕಸದ ಡಬ್ಬಿಗೆ ಸುರಿದಿರಬಹುದು. ಅವನ ಮೇಲೆ ಸಿಟ್ಟು ಬಂತು. ಅವನಿಗಾದರೆ ಕೆಲಸ ದೊಡ್ಡದು, ತನ್ನದು ಹಗ್ಗವೇ? ಮರುಗಳಿಗೆಗೆ ಮಣೆಯ ಮೇಲೆ ಕುಳಿತು ಲೆಕ್ಕ ಹೇಳುತ್ತಿದ್ದ ಅವನ ಮುಖ ನೆನಪಾಗಿ ನಾಚಿಕೆಯಾಯಿತು. ಪರೀಕ್ಷೆಗೆ ಬಂದ ಇತರರ ಕಾರ್ಡುಗಳೆಲ್ಲ ಒಳಹೋಗಿ, ಓಡುವ ಪ್ರೋಗ್ರಾಮ್ ಓಡಿ, ತಪ್ಪಿದ್ದದ್ದು ನಿಂತು, ಕೊನೆಗೆ ಉಳಿದವಳು ಅವಳೊಬ್ಬಳೇ.

ಪರಾಂಜಪೆ ಕೌಂಟರ್ ಮುಚ್ಚಲು ಎದ್ದಾಗ ಬಾಗಿಲಲ್ಲಿ ಸದಾನಂದ ಕಾಣಿಸಿಕೊಂಡ. ತಲೆಯಿಂದ ಕಾಲಿನ ತನಕ ನೀರು ಸುರಿಯುತ್ತಿತ್ತು. ಕೈಯಲ್ಲಿ ಕೊಡೆ ಇತ್ತು, ಅದನ್ನು ಡಬ್ಬಕ್ಕೆ ಹಿಡಿದುಕೊಂಡು ಬಂದಿದ್ದ.

"ತಕೊ. ಒಂದೂ ನೆನೆಯಲಿಲ್ಲ."

ಯಂತ್ರ ಕಾರ್ಡುಗಳನ್ನು ಗಬಗಬನೆ ನುಂಗಿ ಸುಮ್ಮನಾಯಿತು. ವಸಂತಿ ತನಗೇ ತಿಳಿಯದೆ ಗಂಡನ ಒದ್ದೆ ತೋಳನ್ನು ಹಿಡಿದುಕೊಂಡಿದ್ದಳು. ಆಮೇಲೆ ಪ್ರಿಂಟರು ಕರಕರನೆ ಹೊಡೆದುಕೊಂಡಿತು. "ಚಲ್ ಗಯಾ, ಮ್ಯಾಡಮ್" ಎಂದು ಪರಾಂಜಪೆ ಓಡಿ ಮುಗಿದ ಲೆಕ್ಕದ ಉದ್ದನೆಯ ಹಾಳೆಯನ್ನು ಹರಿದು ಕೊಟ್ಟ.

ಹೊರಗಿನ ಬೆಂಚಿನ ಮೇಲೆ ಸದಾನಂದ ಹಾಳೆ ಬಿಡಿಸಿ, ತುಟಿಯಲ್ಲೇ ಕೂಡಿಸುತ್ತ, ಬೆರಳನ್ನು ಒಂದೊಂದೇ ಸಾಲಿನ ಮೇಲೆ ಇಳಿಸತೊಡಗಿದ. ಯಂತ್ರ ಗಳಿಗೆಯಲ್ಲಿ ಮುಗಿಸಿದ್ದು, ತಿಂಗಳ ಕೊನೆಯಲ್ಲಿ ಅವನು ದಿನಗಟ್ಟಲೆ ತಲೆ ಬಗ್ಗಿಸಿ ಮಾಡುವ ಕೆಲಸ. ವಸಂತಿಗೆ ಕುಣಿಯಬೇಕೆನಿಸುತ್ತಿತ್ತು. ಅವನ ಬೆರಳನ್ನು ನೋಡಿದರೆ ಅಳು ಬರುತ್ತಿತ್ತು.

"ತಪ್ಪು ಸಿಕ್ಕಿತಾ?" ಎಂದು ಮೆಲ್ಲಗೆ ಕೇಳಿದಳು.

"ನಾನು ಹೇಳಿಕೊಟ್ಟದ್ದಲ್ವಾ. ಎಲ್ಲಿಂದ ಸಿಗ್ತದೆ?"

ಅವನು ಹಾಳೆ ಮಡಚಿ ಅವಳಿಗೆ ಕೊಟ್ಟು, ತಣ್ಣಗಾದ ಅನ್ನ ಕಲಸಿ ಉಂಡ. ಅರ್ಧ ಉಳಿಸಿ ಬಟ್ಟಲನ್ನು ಅವಳ ಕಡೆ ಸರಿಸಿದ. ಕೈ ತೊಳೆದು ಬಂದವನು ಹೊಸ ಡಬ್ಬದ ಮುಚ್ಚಳ ಎತ್ತಿಕೊಂಡು, ಮೇಲಿನ ಕೆಂಪು ಗುರುತನ್ನು ಉಗುರಿನಿಂದ ಕೆರೆಯುತ್ತ ಕುಳಿತ.

"ಡಬ್ಬಾವಾಲಾನಿಗೆ ಹೇಳ್ಬೇಕು. ಇದರ ಗುರುತು ಅಳಿಸಿ ನಿನ್ನ ಆಫೀಸಿನದ್ದು ಬರೀಲಿ."

"ನಿಮ್ಮ ಊಟಕ್ಕೆ?"

"ಹಳೇದು ಉಂಟಲ್ಲ," ಎಂದ ಸದಾನಂದ. "ಅದು ಚೆಂಬೂರಿಗೆ ಎಷ್ಟು ದಿನ ಹೋಗ್ತದೋ, ಹೋಗ್ಲಿ."